ಹತ್ತೊಂಬತ್ತು ಸೆಂಟಿಮೀಟರ್

ಶನಿವಾರ ಬೆಳಿಗ್ಗೆ ಹತ್ತೂವರೆ, 2023ರ ಬೇಸಿಗೆ. ದಕ್ಷಿಣ ಬೆಂಗಳೂರಿನ ಹಳೇ ಬಡಾವಣೆಯೊಂದರ ವಾರ್ಡ್ ಕಚೇರಿಯಲ್ಲಿ ನೀವು ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿ ಹಿಡಿದಿದ್ದೀರಿ. ಕಾರ್ಪೊರೇಟರುಗಳ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿದು, ಚುನಾವಣೆ ಇನ್ನೂ ಆಗಿಲ್ಲ. ವಾರ್ಡ್ ಸಮಿತಿ ಸಭೆ ನಡೆಸುತ್ತಿರುವವರು ನೋಡಲ್ ಅಧಿಕಾರಿ. ಕಸ, ಬೀದಿದೀಪ, ನಾಯಿ ಕಾಟ ಎಲ್ಲ ಮುಗಿದ ಮೇಲೆ ಜನ ಕಾದಿದ್ದ ವಿಷಯ ಬರುತ್ತದೆ: ಅಕ್ಕಪಕ್ಕದ ಎರಡು ಹಳೇ ಮನೆ ಕೆಡವಿ, ಸೈಟುಗಳನ್ನು ಸೇರಿಸಿ, ಅಪಾರ್ಟ್‌ಮೆಂಟ್ ಕಟ್ಟುವ ಪ್ರಸ್ತಾವ.

ಎದುರುಮನೆಯ ನಿವೃತ್ತ ಬ್ಯಾಂಕ್ ಅಧಿಕಾರಿ ಎದ್ದು ನಿಲ್ಲುತ್ತಾರೆ. "ಕಾವೇರಿ ನೀರು ದಿನ ಬಿಟ್ಟು ದಿನ ಬರ್ತದೆ. ಒಳಚರಂಡಿ ಪೈಪು ಹಾಕಿದ್ದು ಒಂಟಿ ಮನೆಗಳಿಗೆ. ನಮ್ಮನ್ನ ಒಂದು ಮಾತೂ ಕೇಳದೆ ಹೇಗೆ ಮಂಜೂರು ಮಾಡ್ತೀರಿ?"

ನಗರ ಯೋಜನೆ ವಿಭಾಗದ ಎಂಜಿನಿಯರ್ ಫೈಲಿನಿಂದ ತಲೆ ಎತ್ತುತ್ತಾರೆ. "ಸಾರ್, ವಸತಿ ಜಾಗವನ್ನ ವಾಣಿಜ್ಯಕ್ಕೆ ಬದಲಾಯಿಸೋದಾದ್ರೆ ಕಾಯ್ದೆಯ 14-ಎ ಕಲಂ ಪ್ರಕಾರ ಪೇಪರಿನಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೀಬೇಕು. ಇದು ವಸತಿಯಿಂದ ವಸತಿಗೇ. ಕೇಳಬೇಕು ಅಂತಿಲ್ಲ."

"ಸದಾಶಿವನಗರದ ಪಾರ್ಕು ಉಳಿಸಿಕೊಂಡಿಲ್ವಾ?" ಎಂದು ಮುಂದಿನ ಸಾಲಿನ ಮೇಡಂ ಕೇಳುತ್ತಾರೆ. ನಿಜ. ಪಾರ್ಕಿಗೆ ಬಿಟ್ಟ ಜಾಗ ಖಾಸಗಿ ಆಸ್ಪತ್ರೆಗೆ ಹೋಗದಂತೆ ಅಲ್ಲಿನ ನಿವಾಸಿಗಳು ಹೋರಾಡಿ, 1991ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿದ್ದರು. ಆದರೆ ಅದು ಸಾರ್ವಜನಿಕ ಜಾಗ. ಇಲ್ಲಿರುವುದು ಸ್ವಂತ ಸೈಟು.

ಆ ಸೈಟಿನ ಒಡತಿ ಗೋಡೆಗೊರಗಿ ಕೂತಿದ್ದಾರೆ. ಎಪ್ಪತ್ತು ದಾಟಿದ ವಯಸ್ಸು, ತೊಡೆಯ ಮೇಲೆ ಬಟ್ಟೆ ಚೀಲ. "ನಂಗೆ ಮೂರು ಮಕ್ಕಳು. ಇರೋ ಮನೆ ಮಳೆ ಬಂದ್ರೆ ಸೋರ್ತದೆ. ಬಿಲ್ಡರು ತಲಾ ಒಂದು ಫ್ಲ್ಯಾಟು ಕೊಡ್ತಾನೆ. ನಿಮ್ಮ ಮಕ್ಕಳೆಲ್ಲ ಅಮೆರಿಕದಲ್ಲಿದ್ದಾರೆ, ನಮ್ಮವರು ಎಲ್ಲಿಗೆ ಹೋಗ್ಬೇಕಪ್ಪ?" ಯಾರೂ ಉತ್ತರ ಕೊಡುವುದಿಲ್ಲ.

ಅಷ್ಟರಲ್ಲಿ ಯುವಕನೊಬ್ಬ ಮೊಬೈಲ್ ಹಿಡಿದು, "ಸಾರ್, ರಸ್ತೆ ಅಗಲ ಎಷ್ಟು ತೋರಿಸಿದ್ದಾರೆ?" ಎನ್ನುತ್ತಾನೆ. ನಲವತ್ತು ಅಡಿ, ಅಂದರೆ 12.19 ಮೀಟರ್. ಸಭೆ ಚುರುಕಾಗುವುದು ಇಲ್ಲಿ. ಮಾಸ್ಟರ್ ಪ್ಲಾನ್ 2015ರ ವಲಯ ನಿಯಮಾವಳಿ ಎಫ್‌ಎಆರ್ ಅನ್ನು, ಅಂದರೆ ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದೆಂಬ ಲೆಕ್ಕವನ್ನು, ರಸ್ತೆಯ ಅಗಲಕ್ಕೆ ಕಟ್ಟಿಹಾಕಿದೆ: 12 ಮೀಟರ್‌ವರೆಗಿನ ರಸ್ತೆಗೆ 1.75, ಅಲ್ಲಿಂದ 18ರವರೆಗೆ 2.25. ಇಲ್ಲಿ ಎರಡೂ ಸೈಟು ಸೇರಿ 4,800 ಚದರಡಿ. ಮೊದಲ ಲೆಕ್ಕಕ್ಕೆ 8,400 ಚದರಡಿ ಕಟ್ಟಬಹುದು, ಎರಡನೆಯದಕ್ಕೆ 10,800. ನಡುವಿನ 2,400 ಚದರಡಿ, ಅಂದರೆ ಎರಡು ಒಳ್ಳೆಯ ಫ್ಲ್ಯಾಟು, ನಿಂತಿರುವುದು ಹತ್ತೊಂಬತ್ತು ಸೆಂಟಿಮೀಟರ್ ಮೇಲೆ.

"ಹಾಗಾದ್ರೆ ಅಳೆಯೋಣ ನಡೀರಿ," ಎನ್ನುತ್ತಾರೆ ನೋಡಲ್ ಅಧಿಕಾರಿ.

ನೀವೂ ಎಲ್ಲರ ಹಿಂದೆ ಬಿಸಿಲಿಗಿಳಿಯುತ್ತೀರಿ. ರಸ್ತೆಯ ಅಗಲವೆಂದರೆ ಟಾರು ಮಾತ್ರವಲ್ಲ, ಚರಂಡಿ, ಫುಟ್‌ಪಾತೂ ಸೇರಿ. ಎಂಜಿನಿಯರ್ ಟೇಪಿನ ಕೊಕ್ಕೆಯನ್ನು ಅಜ್ಜಿಯ ಮನೆಯ ಕಾಂಪೌಂಡಿಗೆ ಹಿಡಿಸಿ, ತಾವು ಎದುರು ಬದಿಗೆ ನಡೆಯುತ್ತಾರೆ. ಸ್ಕೂಟರೊಂದು ಹಾರ್ನ್ ಹೊಡೆದು ಟೇಪಿನ ಮುಂದೆ ನಿಲ್ಲುತ್ತದೆ. ಟೇಪು ಬಿಗಿಯಾಗುತ್ತದೆ: 11 ಮೀಟರ್ 84.

ಸಣ್ಣದೊಂದು ಚಪ್ಪಾಳೆ. ಬ್ಯಾಂಕ್ ಅಧಿಕಾರಿಯ ಮುಖ ಅರಳುತ್ತದೆ. ಎಂಜಿನಿಯರ್ ಮಾತ್ರ ಟೇಪು ಸುತ್ತದೆ ಅಲ್ಲೇ ಬಗ್ಗಿ ನೋಡುತ್ತಿದ್ದಾರೆ. ಟೇಪಿನ ತುದಿ ತಾಗಿರುವುದು ಬ್ಯಾಂಕ್ ಅಧಿಕಾರಿಯ ಮನೆಯದೇ ಗೋಡೆಗೆ. ಪಕ್ಕದ ಮನೆಗಳ ಕಾಂಪೌಂಡಿನ ಸಾಲಿಗಿಂತ ಅದು ಒಂದಡಿ ಮುಂದೆ ಬಂದಿದೆ. ಒಳಗೆ ಕರಿಬೇವು, ದಾಸವಾಳದ ಸಣ್ಣ ತೋಟ.

"ಸಾರ್, ನಿಮ್ಮ ಸೈಟಿನ ಅಳತೆ ಪತ್ರ ಇದ್ಯಾ?"

ಅವರು ತೋಟದ ಕಡೆಗೊಮ್ಮೆ, ಅಜ್ಜಿಯ ಕಡೆಗೊಮ್ಮೆ ನೋಡುತ್ತಾರೆ. ಗೋಡೆ ಒತ್ತುವರಿಯಾಗಿದ್ದರೆ ಅದು ಹಿಂದೆ ಸರಿಯಬೇಕು. ಸರಿದರೆ ರಸ್ತೆ ಹನ್ನೆರಡು ಮೀಟರ್ ದಾಟುತ್ತದೆ, ಬಿಲ್ಡರಿಗೆ 2.25 ಸಿಗುತ್ತದೆ. ಸರಿಯಬೇಕಿಲ್ಲ ಎನ್ನಲು ದಾಖಲೆ ಬೇಕು.

"ಹುಡುಕ್ಬೇಕು," ಎನ್ನುತ್ತಾರೆ ಅವರು.

"ಮುಂದಿನ ಸಭೆಗೆ ತನ್ನಿ. ಈ ಬೀದಿಯ ಎಲ್ಲರೂ ತನ್ನಿ," ಎಂದು ನೋಡಲ್ ಅಧಿಕಾರಿ ನಡಾವಳಿ ಪುಸ್ತಕಕ್ಕೆ ಬರೆಸುತ್ತಾರೆ.