ಗೋಲ್ಡನ್ ಗೇಟ್‌ನ ಕಾಲು ಬದಲಿಸಿದ ಕಥೆ

ಸ್ಯಾನ್ ಫ್ರಾನ್ಸಿಸ್ಕೊಗೆ ಹೋದವರೆಲ್ಲ ಗೋಲ್ಡನ್ ಗೇಟ್ ಸೇತುವೆ ಮುಂದೆ ಫೋಟೊ ತೆಗೆಸಿಕೊಳ್ತಾರೆ. ನಾವೂ ತೆಗೆಸಿಕೊಂಡೆವು ಅನ್ನಿ. ಆದರೆ ಸೇತುವೆ ನನಗೆ ಸರಿಯಾಗಿ ಕಂಡದ್ದು ಕೆಳಗೆ ನಿಂತಾಗ. ದಕ್ಷಿಣ ತುದಿಯಲ್ಲಿ ಫೋರ್ಟ್ ಪಾಯಿಂಟ್ ಅಂತ ಹಳೇ ಇಟ್ಟಿಗೆ ಕೋಟೆ ಇದೆ, 1861ರಲ್ಲಿ ಮುಗಿದದ್ದು. ಸೇತುವೆ ಕಟ್ಟುವಾಗ ಮುಖ್ಯ ಎಂಜಿನಿಯರ್ ಜೋಸೆಫ್ ಸ್ಟ್ರಾಸ್ ಕೋಟೆ ಕೆಡವಲು ಒಪ್ಪದೆ, ಅದರ ನೆತ್ತಿ ಮೇಲೆ ಉಕ್ಕಿನ ಕಮಾನು ಹಾಯಿಸಿದರು. ಅಲ್ಲಿ ತಲೆ ಎತ್ತಿ ನೋಡಿದರೆ ಬರೀ ಕೆಂಗಿತ್ತಳೆ ಬಣ್ಣದ ಉಕ್ಕು, ರಿವೆಟ್ಟು. ಒಂದೊಂದು ಗೋಪುರದಲ್ಲೇ ಸುಮಾರು 6 ಲಕ್ಷ ರಿವೆಟ್ ಇವೆಯಂತೆ!

ನನ್ನ ಮಗಳು ಉತ್ತರ ದಡದ ಊರಿನಿಂದ ದಿನಾ ಇದೇ ಸೇತುವೆ ದಾಟಿ ಆಫೀಸಿಗೆ ಹೋಗುತ್ತಾಳೆ. ನನಗೋ ಅದೇ ಚಿಂತೆ.

"ಭೂಕಂಪದ ಊರು ಅಂತೀಯ. 1937ರ ಸೇತುವೆ ಕಣೇ ಇದು, ತಡೆಯುತ್ತಾ?"

"ಅದಕ್ಕೇ ಅಲ್ವಾ ಅಮ್ಮ, ಇಷ್ಟು ವರ್ಷದಿಂದ ಬಲಪಡಿಸ್ತಿರೋದು," ಅಂದಳು.

1989ರ ಅಕ್ಟೋಬರ್ 17ರ ಸಂಜೆ ಇಲ್ಲಿ 6.9 ತೀವ್ರತೆಯ ಭೂಕಂಪವಾಯಿತು. ಪಕ್ಕದ ಬೇ ಬ್ರಿಜ್‌ನ ಮೇಲಿನ ರಸ್ತೆಯ 15 ಮೀಟರ್ ತುಂಡು ಕಳಚಿ ಕೆಳಗಿನ ರಸ್ತೆಗೆ ಬಿತ್ತು. ಗೋಲ್ಡನ್ ಗೇಟ್‌ಗೆ ಏನೂ ಆಗಲಿಲ್ಲ. ಸದ್ಯ ಬಚಾವಾದೆವು ಅಂತ ಸುಮ್ಮನಿರಬಹುದಿತ್ತು. ಆದರೆ ಎಂಜಿನಿಯರುಗಳ ಲೆಕ್ಕ ಬೇರೆ ಇತ್ತು. ಭೂಕಂಪದ ಕೇಂದ್ರ ಆ ಸಲ ಸುಮಾರು 100 ಕಿ.ಮೀ. ದೂರದಲ್ಲಿತ್ತು, ಹತ್ತಿರದಲ್ಲೇ ಇನ್ನೂ ದೊಡ್ಡದು ಬಂದರೆ ಎರಡೂ ತುದಿಯ ಕೂಡುದಾರಿ ಸೇತುವೆಗಳು ಕುಸಿಯಬಹುದು ಅಂದರು. ಹಗ್ಗದಲ್ಲಿ ತೂಗುವ ನಡುಭಾಗ ಜೋಕಾಲಿಯ ಹಾಗೆ ಒಂದಷ್ಟು ತೂಗಾಡಿ ತಾಳಿಕೊಳ್ಳುತ್ತದೆ. ಕಂಬಗಳ ಮೇಲೆ ಕೂತ ತುದಿಗಳಿಗೆ ಆ ಸುಖ ಇಲ್ಲ.

ಹಾಗಾಗಿ 1997ರಲ್ಲಿ ಉತ್ತರ ತುದಿಯಿಂದ ಕೆಲಸ ಶುರು. ಅಡಿಪಾಯ ಗಟ್ಟಿ ಮಾಡಿದರು. ಮೇಲೆ ಗಾಡಿಗಳು ಓಡುತ್ತಿರುವಾಗಲೇ ಕೆಳಗಿನ ನಾಲ್ಕು ಉಕ್ಕಿನ ಆಧಾರ ಗೋಪುರಗಳನ್ನೇ ಪೂರ್ತಿ ಬದಲಿಸಿದರು! ಬಿಡಿಬಿಡಿಯಾಗಿದ್ದ ಐದು ಅಂಕಣಗಳನ್ನು ಒಂದಕ್ಕೊಂದು ಬೆಸೆದು ಒಂದೇ ಉದ್ದ ತೊಲೆಯ ಹಾಗೆ ಮಾಡಿದರು, ಒಂದು ಜಾರಿ ಬೀಳದಿರಲಿ ಅಂತ. ಹೊಸ ಗೋಪುರಗಳ ತಲೆ ಮೇಲೆ ಐಸೊಲೇಟರ್ ಬೇರಿಂಗ್ ಕೂರಿಸಿದರು. ನೆಲ ಅಲುಗಿದರೂ ಆ ಅಲುಗಾಟ ಪೂರ್ತಿಯಾಗಿ ಮೇಲಿನ ರಸ್ತೆಗೆ ಹತ್ತದಂತೆ ಇವು ತಡೆಯುತ್ತವೆ. ಆಮೇಲೆ ದಕ್ಷಿಣ ತುದಿ, ಕೋಟೆ ಮೇಲಿನ ಕಮಾನು.

ನಾವು ಉಲ್ಲಾಳದವರು ಮೆಟ್ರೊಗೆ ಅಂತ ಮೈಸೂರು ರಸ್ತೆಗೆ ಬಂದಾಗ ಮೇಲ್ಸೇತುವೆಯ ಕಂಬದ ತಲೆ ಕಡೆ ಒಮ್ಮೆ ನೋಡಿ. ಕಂಬಕ್ಕೂ ತೊಲೆಗೂ ನಡುವೆ ಸಣ್ಣ ಸಂದು ಕಾಣುತ್ತೆ. ಬೇರಿಂಗ್ ಕೂರುವ ಜಾಗ ಅದೇ. ಕ್ಯಾಲಿಫೋರ್ನಿಯಾದ್ದು ಭೂಕಂಪಕ್ಕೆಂದೇ ಮಾಡಿದ, ಜಾಸ್ತಿ ಸರಿದಾಡುವ ದೊಡ್ಡಣ್ಣ ಅಷ್ಟೇ.

ನೀವು ಹೋದರೆ ಕೋಟೆ ಬಿಡಬೇಡಿ. ಜುಲೈ ಆದರೂ ಸ್ವೆಟರ್ ಇರಲಿ. ಅಲ್ಲಿನ ಗಾಳಿಗೆ ನನ್ನ ಸೆರಗು ಒಂದು ಕಡೆ, ನಾನು ಒಂದು ಕಡೆ.