ನಿಂತರೆ ಎಷ್ಟು ದಿನ?

ಸಣ್ಣ ಕಾರು ತೆಗೆದುಕೊಳ್ಳುತ್ತೇವೆ ಎಂದರೆ ನಮ್ಮ ಕಡೆ ಎಲ್ಲರೂ ಮೊದಲು ಕೇಳುವುದು ಮೈಲೇಜ್ ಎಷ್ಟು ಎಂದು. ಎರಡನೆಯದು ಬಣ್ಣ. ಮೂರನೆಯದು, ಮಾರುವಾಗ ಎಷ್ಟಕ್ಕೆ ಹೋಗುತ್ತದೆ ಎಂಬುದು. ಇನ್ನೂ ಕೊಳ್ಳದ ಕಾರನ್ನು ಮಾರುವ ಲೆಕ್ಕ ಹಾಕುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಕಳೆದ ವರ್ಷ ನಮ್ಮ ಮನೆಗೆ ಕಾರು ಹುಡುಕಲು ಹೊರಟಾಗ ನನಗೆ ಬೇಕಿದ್ದ ಉತ್ತರ ಬೇರೆಯದು. ಕೆಟ್ಟು ನಿಂತರೆ ಎಷ್ಟು ದಿನ ನಿಲ್ಲುತ್ತದೆ? ಯಾವ ಷೋರೂಮಿನ ಹೊಳೆಯುವ ಕಾಗದದಲ್ಲೂ ಇದಕ್ಕೊಂದು ಕಾಲಂ ಇಲ್ಲ.

ಅಮ್ಮನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್, ಮಂಗಳವಾರ ಮತ್ತು ಶುಕ್ರವಾರ. ಮಲೆನಾಡಿನ ನಮ್ಮ ಮನೆಯಿಂದ ತಾಲೂಕು ಆಸ್ಪತ್ರೆಗೆ 26 ಕಿಲೋಮೀಟರ್. ಬಸ್ಸಿದೆ. ಆದರೆ ನಾಲ್ಕು ಗಂಟೆ ಯಂತ್ರಕ್ಕೆ ಮೈಯೊಡ್ಡಿ ಎದ್ದವರಿಗೆ ಬಸ್ಸಿನ ಮೆಟ್ಟಿಲು ಹತ್ತುವುದೇ ಒಂದು ಘಾಟಿ. ಜೂನ್ ಕಳೆದ ಮೇಲಂತೂ ಆ ಹೊತ್ತಿಗೆ ಆಟೋ ನಮ್ಮ ಕೇರಿಯತ್ತ ಬರುವುದಿಲ್ಲ. ಒಂದು ಸರದಿ ತಪ್ಪಿದರೆ ಕಾಲು ಊದುತ್ತದೆ, ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ. ಹಾಗಾಗಿ ನಮ್ಮ ಲೆಕ್ಕ ಸರಳ: ಮಂಗಳವಾರದಿಂದ ಶುಕ್ರವಾರದ ನಡುವೆ ಸಿಗುವುದು ಎರಡು ದಿನ, ಶುಕ್ರವಾರದಿಂದ ಮಂಗಳವಾರದ ನಡುವೆ ಮೂರು, ಅದರಲ್ಲೊಂದು ಭಾನುವಾರ. ಕಾರಿಗೆ ಏನೇ ಆಗಲಿ, ಆ ಕಿಂಡಿಯೊಳಗೆ ಹೋಗಿ ಬರಬೇಕು. ದುಡ್ಡು ಅಪ್ಪನ ಮೇಷ್ಟರಿಕೆಯ ಪಿಂಚಣಿಯದು, ಜೊತೆಗೆ ಬಂದಾಗ ಬರುವ ನನ್ನ ಫೆಲೋಶಿಪ್. ಎರಡನೆಯದನ್ನು ನಂಬಿ ಬ್ಯಾಂಕಿನವರು ಸಾಲ ಕೊಡುವುದಿಲ್ಲ.

ನನ್ನ ಸಂಶೋಧನೆ ಅರ್ಥಶಾಸ್ತ್ರದಲ್ಲಿ. ಕಾರು ಎಂದ ತಕ್ಷಣ ನಮ್ಮ ವಿಭಾಗದಲ್ಲಿ ಎಲ್ಲರಿಗೂ ನೆನಪಾಗುವುದು ಜಾರ್ಜ್ ಅಕೆರ್ಲಾಫ್ 1970ರಲ್ಲಿ ಬರೆದ ಪ್ರಬಂಧ. ಹಳೆಯ ಕಾರು ಮಾರುವವನಿಗೆ ಅದರ ಹುಳುಕು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಈ ಒಂದು ಅಂತರ ಸಾಕು, ಒಳ್ಳೆಯ ಕಾರುಗಳು ಮಾರುಕಟ್ಟೆಯಿಂದ ಹಿಂದೆ ಸರಿಯುತ್ತವೆ ಎಂಬುದು ಅದರ ತಿರುಳು. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಮಾತ್ರ ಅದಲ್ಲ, ಮೈಕೆಲ್ ಡಾರ್ಬಿ ಮತ್ತು ಎಡಿ ಕಾರ್ನಿ 1973ರಲ್ಲಿ ಬರೆದ ಇನ್ನೊಂದು. ಕೆಲವು ವಸ್ತುಗಳ ಗುಣ ಕೊಳ್ಳುವ ಮೊದಲೇ ಕಾಣುತ್ತದೆ, ಸೀರೆಯ ಬಣ್ಣದ ಹಾಗೆ. ಕೆಲವುಗಳದ್ದು ಬಳಸಿದ ಮೇಲೆ ಗೊತ್ತಾಗುತ್ತದೆ, ಉಪ್ಪಿನಕಾಯಿಯ ಹಾಗೆ. ಇನ್ನು ಕೆಲವುಗಳದ್ದು ದುಡ್ಡು ಕೊಟ್ಟು ಬಳಸಿ ಮುಗಿಸಿದ ಮೇಲೂ ಗೊತ್ತಾಗುವುದಿಲ್ಲ. ಆ ಇಬ್ಬರು ಕೊಡುವ ಉದಾಹರಣೆ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ: ತೆಗೆದ ಅಂಗ ನಿಜಕ್ಕೂ ಕೆಟ್ಟಿತ್ತೇ ಎಂದು ರೋಗಿಗೆ ತಾನಾಗಿ ತಿಳಿಯುವ ದಾರಿಯಿಲ್ಲ. ವಾಹನ ರಿಪೇರಿಯನ್ನೂ ಅವರು ಅದೇ ಸಾಲಿನಲ್ಲಿ ಇಡುತ್ತಾರೆ. ವೈದ್ಯ ಮತ್ತು ಮೆಕ್ಯಾನಿಕ್, ಇಬ್ಬರೂ ಒಂದೇ ಬೆಂಚಿನವರು. ರೋಗ ಹೇಳುವವರೂ ಅವರೇ, ಮದ್ದು ಮಾರುವವರೂ ಅವರೇ. ಆಸ್ಪತ್ರೆಯ ವರಾಂಡದಲ್ಲಿ ವಾರಕ್ಕೆ ಎರಡು ದಿನ ಕೂರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ.

ಅಮೆರಿಕದಲ್ಲಿ ‘ಕನ್ಸ್ಯೂಮರ್ ರಿಪೋರ್ಟ್ಸ್’ ಎಂಬ ಸಂಸ್ಥೆ ತನ್ನ ಸದಸ್ಯರನ್ನೇ ಕೇಳಿ ಯಾವ ಕಾರಿನಲ್ಲಿ ಯಾವ ಭಾಗ ಕೈಕೊಡುತ್ತದೆ ಎಂದು ಪಟ್ಟಿ ಮಾಡಿ ಪ್ರಕಟಿಸುತ್ತದೆ. ನಮ್ಮಲ್ಲಿ ಆ ಕೆಲಸವನ್ನು ಮದುವೆ ಮನೆಯ ಊಟದ ಪಂಕ್ತಿ ಮಾಡುತ್ತದೆ. ಅಲ್ಲಿ ಸಿಗುವ ಮಾಹಿತಿ ಕಡಿಮೆಯದ್ದೇನಲ್ಲ, ಆದರೆ ಪ್ರತಿಯೊಬ್ಬರೂ ತಮ್ಮ ಕಾರನ್ನು ಸೋದರಳಿಯನ ಹಾಗೆ ಸಮರ್ಥಿಸಿಕೊಳ್ಳುತ್ತಾರೆ. ದೊಡ್ಡಪ್ಪನ ಮಗನ ಕಾರು ಒಂದು ಬಿಡಿಭಾಗ ಬರಲಿಲ್ಲವೆಂದು 19 ದಿನ ವರ್ಕ್‌ಶಾಪಿನಲ್ಲಿತ್ತು. ಹೋಳಿಗೆಗೆ ತುಪ್ಪ ಬಡಿಸಿಕೊಳ್ಳುತ್ತ ಅವನು ಹೇಳಿದ್ದು, “ಗಾಡಿ ಮಾತ್ರ ಸೂಪರ್ ಮಾರಾಯ್ತಿ, ಒಂದು ದಿನ ತೊಂದರೆ ಕೊಟ್ಟಿಲ್ಲ.” ಆ 19 ದಿನ ಅವನ ಲೆಕ್ಕದಲ್ಲಿ ಕಾರಿನ ತೊಂದರೆಯೇ ಅಲ್ಲ. ನನಗೆ ಅದು ಐದು ಡಯಾಲಿಸಿಸ್.

ಆದ್ದರಿಂದ ಷೋರೂಮಿನ ಬದಲು ಅದರ ಹಿಂದಿನ ವರ್ಕ್‌ಶಾಪಿಗೆ ಹೋದೆ. ಷೋರೂಮಿನಲ್ಲಿ ಹೇಗೂ ಮಾತೆಲ್ಲ ಅಪ್ಪನ ಜೊತೆ. ಓಡಿಸುವವಳು ನಾನು ಎಂದು ಗೊತ್ತಾದ ಮೇಲೆ ನನಗೆ ತೋರಿಸಿದ್ದು ಬಿಸಿಲು ತಡೆಯುವ ಫಲಕದ ಹಿಂದಿನ ಕನ್ನಡಿ. ಶಿವಮೊಗ್ಗದಲ್ಲಿ ಎರಡು ಶನಿವಾರ, ಬೇರೆ ಬೇರೆ ಡೀಲರುಗಳ ಕಾಯುವ ಕೋಣೆಯಲ್ಲಿ ಕೂತೆ. ಯಾರೂ ಯಾಕೆ ಬಂದಿರಿ ಎಂದು ಕೇಳಲಿಲ್ಲ, ಕಾಫಿಯನ್ನೂ ಕೊಟ್ಟರು. ಪಕ್ಕದವರನ್ನು ಮಾತಿಗೆಳೆದು ಕೇಳಿದ್ದು ನಾಲ್ಕೇ ಸಂಗತಿ: ಎಷ್ಟು ಗಂಟೆಗೆ ಗಾಡಿ ಬಿಟ್ಟಿರಿ, ಎಷ್ಟಕ್ಕೆ ಕೊಡುತ್ತೇವೆ ಎಂದರು, ಬಿಲ್ಲು ಎಸ್ಟಿಮೇಟಿಗಿಂತ ಎಷ್ಟು ಮೇಲೆ ಹೋಯಿತು, ಹೇಳಿದ ತೊಂದರೆ ಹೋಯಿತೇ. ಒಟ್ಟು 11 ಜನ. ಇದು ಸ್ಯಾಂಪಲ್ ಅಲ್ಲ, ಹರಟೆ ಎನ್ನುತ್ತಾರೆ ನನ್ನ ಗೈಡ್. ಇರಲಿ.

ಅಡಿಕೆ ಬೆಳೆಗಾರರೊಬ್ಬರು ಒಂದೇ ಸದ್ದಿಗಾಗಿ ಮೂರನೇ ಸಲ ಬಂದಿದ್ದರು. ಎಡಗಡೆ ಮುಂದಿನ ಚಕ್ರದ ಹತ್ತಿರ, ಮಣ್ಣಿನ ರಸ್ತೆಯಲ್ಲಿ ನಿಧಾನಕ್ಕೆ ಹೋಗುವಾಗ ಮಾತ್ರ ಬರುವ ‘ಕಟಕ್’. ಅವರು ಬಾಯಲ್ಲೇ ಆ ಸದ್ದು ಮಾಡಿ ತೋರಿಸಿದರು. ಅದನ್ನು ಕೇಳಿಸಿಕೊಂಡ ಸರ್ವಿಸ್ ಅಡ್ವೈಸರ್ ಜಾಬ್ ಕಾರ್ಡಿನಲ್ಲಿ ‘ಮುಂದೆ ಶಬ್ದ’ ಎಂದು ಬರೆದುಕೊಂಡ. ಆ ಎರಡು ಪದ ಒಳಗೆ ಹೋಯಿತು. ಒಳಗಿನ ಹುಡುಗ ನುಣ್ಣನೆಯ ಡಾಂಬರು ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬಂದು ‘ಶಬ್ದ ಇಲ್ಲ’ ಎಂದು ಬರೆದ. ಕಾರಿನ ಕಂಪನಿ ಯಾವುದು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ದೂರು ಕೇಳುವವನು ಬಾನೆಟ್ ಎತ್ತುವುದಿಲ್ಲ, ಬಾನೆಟ್ ಎತ್ತುವವನು ದೂರು ಕೇಳಿರುವುದಿಲ್ಲ. ದೊಡ್ಡ ವರ್ಕ್‌ಶಾಪ್ ಕಟ್ಟಿರುವುದೇ ಹಾಗೆ. ಅಡ್ವೈಸರನಿಗೆ ತಿಂಗಳಿಗಿಷ್ಟು ಬಿಲ್ ಆಗಬೇಕೆಂಬ ಗುರಿ ಬೇರೆ. ಮೊದಲ ಮೂರು ಸರ್ವಿಸ್ ಉಚಿತ ಎಂದರೆ ಕೂಲಿ ಉಚಿತ. ಆಯಿಲ್, ಫಿಲ್ಟರ್ ನಮ್ಮದೇ. ಅದರ ಕೆಳಗೆ ಇಂಜಿನ್ ಕೋಟಿಂಗ್, ಎಸಿ ಕ್ಲೀನಿಂಗ್, ಟೆಫ್ಲಾನ್ ಎಂದು ಸಾಲು ಬೆಳೆಯುತ್ತದೆ. ಡಾರ್ಬಿ-ಕಾರ್ನಿಯ ಮೂರನೇ ಜಾತಿಯ ಸರಕು ಇವೇ. ಮಾಡಿದರೂ ಗೊತ್ತಾಗುವುದಿಲ್ಲ, ಮಾಡದಿದ್ದರೂ ಗೊತ್ತಾಗುವುದಿಲ್ಲ.

ಒಂದೇ ಕಂಪನಿಯ ಇಬ್ಬರು ಡೀಲರುಗಳ ನಡುವೆ ಇರುವ ವ್ಯತ್ಯಾಸ, ಎರಡು ಕಂಪನಿಗಳ ನಡುವಿನದಕ್ಕಿಂತ ದೊಡ್ಡದು ಎಂಬುದು ನನ್ನ ಆ ಹರಟೆಯ ಫಲಿತಾಂಶ. ಬೋರ್ಡಿನ ಮೇಲಿನ ಚಿಹ್ನೆ ಕಾರ್ಖಾನೆಯದ್ದು, ಒಳಗಿನ ಶಿಸ್ತು ಡೀಲರಿನದ್ದು. ಆದರೂ ಜನ ಚಿಹ್ನೆಗೆ ಬೆಲೆ ಕೊಡುತ್ತಾರೆ. 2019ರಲ್ಲಿ ಮಾರುತಿಯ ಬಲೆನೊ ಕಾರೇ ಟೊಯೋಟಾದ ಗ್ಲಾಂಝಾ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಇಂಜಿನ್ ಅದೇ, ಬಾಗಿಲು ಅದೇ. ಬೇರೆಯಾದದ್ದು ಮುಖ್ಯವಾಗಿ ಸರ್ವಿಸ್‌ಗೆ ಎಲ್ಲಿಗೆ ಹೋಗಬೇಕು ಎಂಬುದು. ಎರಡಕ್ಕೂ ಗಿರಾಕಿಗಳು ಸಿಕ್ಕರು. ಇದಕ್ಕಿಂತ ಚೊಕ್ಕ ಪ್ರಯೋಗವನ್ನು ನಮ್ಮ ವಿಭಾಗದಲ್ಲಿ ಯಾರೂ ರೂಪಿಸಲಾರರು.

ಇನ್ನು ಕಂಪನಿಯೇ ಗಂಟುಮೂಟೆ ಕಟ್ಟಿದರೆ? ಷೆವರ್ಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಇಲ್ಲಿ ಕಾರು ತಯಾರಿಸುವುದನ್ನು ಕೈಬಿಡುವುದಾಗಿ ಘೋಷಿಸಿತು. ದಟ್ಸನ್ ಎಂಬ ಹೆಸರು 2022ರಲ್ಲಿ ಹೋಯಿತು. ಸರ್ವಿಸ್ ಮತ್ತು ಬಿಡಿಭಾಗ ಮುಂದುವರಿಯುತ್ತದೆ ಎಂದು ಹೇಳಿಯೇ ಹೋದರು. ಆದರೆ ಮಾರಾಟವಿಲ್ಲದ ಡೀಲರ್ ಜಿಲ್ಲಾ ಕೇಂದ್ರದಲ್ಲಿ ಎಷ್ಟು ವರ್ಷ ಬಾಗಿಲು ತೆರೆದಿಟ್ಟುಕೊಂಡಿರುತ್ತಾನೆ, ಲೆಕ್ಕ ಹಾಕಿ.

ತಾಲೂಕು ಪೇಟೆಯ ಮೆಕ್ಯಾನಿಕ್ ಅಪ್ಪನ ಹಳೆಯ ವಿದ್ಯಾರ್ಥಿ. ಯಾವ ಕಾರು ತೆಗೆದುಕೊಳ್ಳೋಣ ಎಂದು ಅಪ್ಪ ಕೇಳಿದಾಗ ಅವರು ಕೈಯೊರೆಸಿಕೊಳ್ಳುತ್ತ ಹೇಳಿದ್ದು, “ನನ್ನ ಹತ್ರ ಬರದೇ ಇರೋದು ತಗೊಳ್ಳಿ ಮೇಷ್ಟ್ರೆ.” ಆಮೇಲೆ ಗೋಡೆಯ ಕಪಾಟು ತೋರಿಸಿದರು. ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ಬುಷ್ಷು, ಬೆಲ್ಟು. ಎಲ್ಲ ಎರಡೇ ಕಂಪನಿಗಳವು. ಉಳಿದವಕ್ಕೆ ಶಿವಮೊಗ್ಗಕ್ಕೆ ಫೋನ್ ಮಾಡಬೇಕು, ಅಲ್ಲಿದ್ದರೆ ಸಂಜೆಯ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಪಾರ್ಸೆಲ್ ಬರುತ್ತದೆ. ನಮ್ಮ ಭಾಗದ ವಿಶ್ವಾಸಾರ್ಹತೆಯ ಸಮೀಕ್ಷೆ ಆ ಕಪಾಟೇ ಎಂದು ನನಗನ್ನಿಸಿತು.

1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿಯವರೆಗೆ ತಯಾರಾದ ಮಾರುತಿ 800 ಅವರ ವಿಶ್ವವಿದ್ಯಾಲಯ. ಅದರ ಹಳೆಯ ಮಾದರಿಗಳ ಕಾರ್ಬ್ಯುರೇಟರನ್ನು ಸ್ಕ್ರೂಡ್ರೈವರ್ ಹಿಡಿದು ಕಿವಿಯಲ್ಲೇ ಸರಿ ಮಾಡುತ್ತಿದ್ದರಂತೆ. ಈಗ ಡ್ಯಾಷ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿದರೆ ಸ್ಕ್ಯಾನರ್ ಬೇಕು. ಬಿಡಿಭಾಗ ಮತ್ತು ಇಂಥ ಪರಿಕರಗಳು ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಆಮೇಲೆ ಮೇಲ್ಮನವಿಗಳಾದವು. ನಾನು ಇದನ್ನು ಹೇಳಿದಾಗ ಅವರು ಅಚ್ಚರಿಪಡಲಿಲ್ಲ. “ದಂಡ ಕಟ್ಟಿದ್ರೆ ನಮಗೇನು ಬಂತು ಮೇಡಂ?” ಎಂದು ಕೇಳಿ, ಅಗ್ಗದ ಒಂದು ಸ್ಕ್ಯಾನರನ್ನು ಡ್ರಾಯರಿನಿಂದ ತೆಗೆದು ತೋರಿಸಿದರು. ಕೋಡ್ ಓದುತ್ತದೆ, ಕೆಲವು ಕಾರುಗಳದ್ದು ಮಾತ್ರ.

ಅಕ್ಕ ಬೆಂಗಳೂರಿನಿಂದ ಫೋನ್ ಮಾಡಿ ನಕ್ಷತ್ರಗಳ ವಿಷಯ ತೆಗೆದಳು. ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಟಿಯಾಗೊ 2020ರಲ್ಲಿ ನಾಲ್ಕು ನಕ್ಷತ್ರ ಪಡೆದದ್ದು, ವ್ಯಾಗನ್ ಆರ್ 2023ರಲ್ಲಿ ಒಂದೇ ಪಡೆದದ್ದು, ಎಲ್ಲ ಅವಳ ಬಾಯಲ್ಲೇ ಇತ್ತು. ಅವಳ ವಾದ ತಳ್ಳಿಹಾಕುವಂಥದ್ದಲ್ಲ. ಮಳೆಗಾಲದಲ್ಲಿ ತಿರುವಿನಿಂದ ಮರಳು ಲಾರಿ ಎದುರಾಗುವ ರಸ್ತೆ ನಮ್ಮದು. ತೀರಾ ಕೆಳಗಿದ್ದ ಹೆಸರನ್ನು ಅವಳ ಮಾತಿಗೆ ಹೊಡೆದು ಹಾಕಿದೆವು. ಕೊನೆಗೆ ಎರಡು ಉಳಿದವು. ಒಂದು ಹೆಚ್ಚು ಗಟ್ಟಿ, ವರ್ಕ್‌ಶಾಪ್ 60 ಕಿಲೋಮೀಟರ್ ದೂರದ ಶಿವಮೊಗ್ಗದಲ್ಲಿ. ಇನ್ನೊಂದು ನಕ್ಷತ್ರದಲ್ಲಿ ಮಧ್ಯಮ, ಆದರೆ ತಾಲೂಕು ಪೇಟೆಯಲ್ಲೇ ಮೂರು ಕಾರು ಹಿಡಿಸುವ ಪುಟ್ಟ ವರ್ಕ್‌ಶಾಪ್ ಇದೆ, ಮೆಕ್ಯಾನಿಕ್ಕಿನ ಕಪಾಟಿನಲ್ಲೂ ಅದರ ಸಾಮಾನಿದೆ. ಎರಡು ರಾತ್ರಿ ಜಗಳವಾಯಿತು. ಅಪಘಾತ ಆಗಬಹುದು, ಆಗದೆಯೂ ಇರಬಹುದು. ಮಂಗಳವಾರ ಬಂದೇ ಬರುತ್ತದೆ. ಇದು ಅಪ್ಪನ ತರ್ಕ. ನಾನು ಅದರ ಪರ ನಿಂತೆ. ಅಕ್ಕನಿಗೆ ಇವತ್ತಿಗೂ ಸಮಾಧಾನವಿಲ್ಲ, ಅವಳ ಭಯ ಸುಳ್ಳು ಎನ್ನುವ ಧೈರ್ಯ ನನಗೂ ಇಲ್ಲ. ತಿರುವುಗಳಲ್ಲಿ ನಲವತ್ತು ದಾಟದೆ ಹೋಗುತ್ತೇನೆ. ಎರಡನೆಯದನ್ನೇ ತಂದೆವು. ಹೆಸರು ಬೇಡ, ಜಾಹೀರಾತಿನ ಹಾಗಾಗುತ್ತದೆ.

ಅಮ್ಮ ನೋಡಿದ್ದು ಒಂದೇ: ಸೀಟು ಎತ್ತರವಿದೆಯೇ, ಮಂಡಿ ಬಗ್ಗಿಸದೆ ಕೂರಬಹುದೇ. ಇದೆ.

ಮಳೆ ಶುರುವಾದ ಮೇಲೆ ಎರಡನೇ ಸರ್ವಿಸ್ ಬಂತು. ಪುಟ್ಟ ವರ್ಕ್‌ಶಾಪ್ ಆದ್ದರಿಂದ ದೂರು ಬರೆದುಕೊಂಡ ಹುಡುಗನೇ ಬಾನೆಟ್ಟನ್ನೂ ಎತ್ತಿದ. ಎಸ್ಟಿಮೇಟಿನಲ್ಲಿ ಇಂಜಿನ್ ಕೋಟಿಂಗ್ ಇಲ್ಲೂ ಇತ್ತು. ಅಪ್ಪ ಜೇಬಿನಿಂದ ಕೆಂಪು ಪೆನ್ನು ತೆಗೆದು ಅದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಚಿಕ್ಕದಾಗಿ ಸಹಿ ಹಾಕಿದರು. ಹುಡುಗ ನಕ್ಕು, “ಲೋಡ್ ಜಾಸ್ತಿ ಇದೆ ಸಾರ್, ನಾಳೆ ಕೊಟ್ರೆ ಆಗುತ್ತಾ?” ಎಂದು ಕೇಳಿದ.

“ಇವತ್ತು ಯಾವ ವಾರ?”

“ಬುಧವಾರ.”

“ನಾಳೆ ಸಂಜೆಯೊಳಗೆ ಕೊಡು,” ಎಂದರು ಅಪ್ಪ, ಮತ್ತು ಅದನ್ನೂ ಜಾಬ್ ಕಾರ್ಡಿನಲ್ಲಿ ಬರೆಸಿದರು.