ಕಪ್ಪುಕುಳಿ ಡೈರಿ – ಭಾಗ 4: ಟೈಮ್ ಇತ್ತು, ಉತ್ತರ ಇರಲಿಲ್ಲ

ಮೊದಲು ಫೋಟೋ ಬಗ್ಗೆ. ಅಜ್ಜಿ ಮನೆ ತಾರಸಿ ಮೇಲಿಂದ ಮೊಬೈಲಲ್ಲಿ ತೆಗೆದದ್ದು, ಕೈ ಸ್ವಲ್ಪ ಅಲ್ಲಾಡಿದೆ. ಹಾಲು ಚೆಲ್ಲಿದ ಹಾಗೆ ಮಸುಕಾಗಿ ಕಾಣ್ತಿದೆಯಲ್ಲ, ಅದು ಧನು ರಾಶಿ ಕಡೆಯ ಹಾಲುಹಾದಿ. ಅಲ್ಲೇ, ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿ, ನಮ್ಮ ಗ್ಯಾಲಕ್ಸಿಯ ನಡುವಿನ ಕಪ್ಪುಕುಳಿ ಕೂತಿದೆ. ತೂಕ ಸುಮಾರು 40 ಲಕ್ಷ ಸೂರ್ಯರಷ್ಟು. ಕೇಳೋಕೆ ದೈತ್ಯ. ಆದ್ರೆ ಗ್ಯಾಲಕ್ಸಿಯ ಎಲ್ಲ ನಕ್ಷತ್ರಗಳ ಮುಂದಿಟ್ಟರೆ, ಒಂದು ಮೂಟೆ ಅಕ್ಕಿಯಲ್ಲಿ ಒಂದು ಚಿಟಿಕೆ, ಅಷ್ಟೇ.

ಈ ಅಕ್ಕಿ ಲೆಕ್ಕ ಇಟ್ಕೊಂಡೇ ಸೆಮಿನಾರಲ್ಲಿ ಮೆರೆದಿದ್ದೆ. "ಮೊದಲು ಗ್ಯಾಲಕ್ಸಿ, ಆಮೇಲೆ ಅದರೊಳಗೆ ಕಪ್ಪುಕುಳಿ ನಿಧಾನಕ್ಕೆ ಬೆಳೆಯುತ್ತೆ" ಅಂತ ಎದೆ ತಟ್ಟಿ ಹೇಳಿದೆ. ಹಿಂದಿನ ಬೆಂಚಿಂದ ಜೂನಿಯರ್ ಒಬ್ಬಳು ಎದ್ದು, "ಅಕ್ಕ, ಹಾಗಾದ್ರೆ ಯುಎಚ್‌ಜಡ್1?" ಅಂದಳು. "ಟೈಮ್ ಆಯ್ತು" ಅಂತ ನಕ್ಕು ಕೂತುಬಿಟ್ಟೆ.

ಆ ರಾತ್ರಿ ಹಾಸ್ಟೆಲಲ್ಲಿ ಕೂತು ಓದಿದೆ. ಯುಎಚ್‌ಜಡ್1 ಒಂದು ಗ್ಯಾಲಕ್ಸಿ. ನಮಗೆ ಕಾಣೋದು ಬಿಗ್ ಬ್ಯಾಂಗ್ ಆಗಿ ಬರೀ 47 ಕೋಟಿ ವರ್ಷ ಕಳೆದಾಗಿನ ಅದರ ರೂಪ. 2023ರಲ್ಲಿ ಜೇಮ್ಸ್ ವೆಬ್ ಮತ್ತು ಚಂದ್ರ ಎಕ್ಸ್-ರೇ ದೂರದರ್ಶಕದ (ಹೌದು, ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರಿನದ್ದೇ) ಮಾಹಿತಿ ಸೇರಿಸಿ ನೋಡಿದಾಗ ಅಲ್ಲೊಂದು ಕಪ್ಪುಕುಳಿ ಸಿಕ್ಕಿತು. ಅದರ ತೂಕ ಆ ಗ್ಯಾಲಕ್ಸಿಯ ಎಲ್ಲ ನಕ್ಷತ್ರಗಳ ಒಟ್ಟು ತೂಕಕ್ಕೆ ಹೆಚ್ಚುಕಮ್ಮಿ ಸಮ! ಚಿಟಿಕೆ ಅಲ್ಲ ಗುರು, ಇನ್ನೊಂದು ಮೂಟೆ.

ಸತ್ತ ನಕ್ಷತ್ರದಿಂದ ಹುಟ್ಟಿದ ಪುಟ್ಟ ಕಪ್ಪುಕುಳಿ ಇಷ್ಟು ಬೇಗ ಇಷ್ಟು ದಪ್ಪ ಆಗೋದು ಕಷ್ಟ. ಗಬಗಬ ತಿನ್ನೋಕೆ ಹೋದ್ರೆ, ಒಳಗೆ ಬೀಳೋ ಅನಿಲ ಕಾದು ಬೆಳಗುತ್ತೆ, ಆ ಬೆಳಕೇ ಹಿಂದೆ ಬರ್ತಿರೋ ಅನಿಲವನ್ನ ಆಚೆ ತಳ್ಳುತ್ತೆ. ಹಾಗಾಗಿ ಇನ್ನೊಂದು ವಾದ: ದೊಡ್ಡ ಅನಿಲದ ಮೋಡವೊಂದು ನಕ್ಷತ್ರಗಳಾಗಿ ಒಡೆಯದೆ ನೇರವಾಗಿ ಕುಸಿದು, ಹುಟ್ಟುವಾಗಲೇ 10,000 ದಿಂದ 1,00,000 ಸೂರ್ಯರಷ್ಟು ತೂಕದ ಕಪ್ಪುಕುಳಿ ಆಗಿರಬೇಕು. ಕೊಯಮತ್ತೂರಿನಲ್ಲಿ ಹುಟ್ಟಿ ಈಗ ಯೇಲ್‌ನಲ್ಲಿರುವ ಪ್ರಿಯಂವದಾ ನಟರಾಜನ್ ಮತ್ತು ಸಂಗಡಿಗರು ಇಂಥ ವಿಚಿತ್ರ ಗ್ಯಾಲಕ್ಸಿಗಳು ಸಿಗಬಹುದು ಅಂತ ವರ್ಷಗಳ ಮೊದಲೇ ಲೆಕ್ಕ ಹಾಕಿದ್ದರು. ಎಲ್ಲರೂ ಒಪ್ಪಿಲ್ಲ. ಪುಟ್ಟದ್ದೇ ಮಿತಿ ಮೀರಿ ತಿಂದು ಬೆಳೆದಿರಬಹುದು ಅನ್ನೋರೂ ಇದ್ದಾರೆ. ನನಗಂತೂ ಮೋಡ ಕುಸಿದ ಕಥೆಯೇ ಹೆಚ್ಚು ಹಿಡಿಸಿದೆ.

ನಿನ್ನೆ ಕ್ಯಾಂಟೀನಲ್ಲಿ ಅವಳನ್ನ ಹುಡುಕಿ, "ಅವತ್ತು ಟೈಮ್ ಇತ್ತು ಕಣೇ, ನಂಗೇ ಗೊತ್ತಿರಲಿಲ್ಲ" ಅಂದೆ.

"ಗೊತ್ತು ಅಕ್ಕ, ಹಿಂದಿನ ಗೋಡೆ ಮೇಲೇ ಗಡಿಯಾರ ಇತ್ತು" ಅಂದಳು.

ಭಾಗ 5 ಅವಳೇ ಬರೀತಾಳೆ. ವೆಬ್ ಕಂಡ ಪುಟಾಣಿ ಕೆಂಪು ಚುಕ್ಕಿಗಳ ಬಗ್ಗೆ.